ಪಾತಾಳ ಭೈರವಿ ನೋಡಿದ ಮಗಳ ಪ್ರಶ್ನೆ: ಬೊಂಬೆ ಸಿಕ್ಕ ಮೇಲೆ ರಾಜಕುಮಾರಿಯನ್ನೇ ಕೇಳಬಹುದಿತ್ತಲ್ಲ?

ಮಾಲೂರು ಮಲ್ಲಿಗೆ

ಕಳೆದ ಭಾನುವಾರ ಬೆಳಗ್ಗೆಯಿಂದ ಮಳೆ. ನಮ್ಮ ಅತ್ತೆ ಮುಳಬಾಗಿಲು ಕಡೆಯವರು, ಅವರ ಮಾತು ಅರ್ಧ ಕನ್ನಡ ಅರ್ಧ ತೆಲುಗು. ಟೀವಿಯಲ್ಲಿ ‘ಪಾತಾಳ ಭೈರವಿ’ ಹಾಕಿಸಿಕೊಂಡು ಕೂತರು. 1951ರ ತೆಲುಗು ಚಿತ್ರ. ಕಪ್ಪು ಬಿಳುಪು, ಮೂರು ಗಂಟೆಗೂ ಜಾಸ್ತಿ. ಮೂರನೇ ಕ್ಲಾಸಿನ ನನ್ನ ಮಗಳು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಎದ್ದು ಹೋಗಿದ್ದು ನಾನು, ಕುಕ್ಕರ್ ಕೂಗಿತು ಅಂತ. ಅವಳು ಅಜ್ಜಿಯ ಸೆರಗು ಹಿಡಿದುಕೊಂಡು ಕೊನೆಯವರೆಗೂ ನೋಡಿದಳು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಉಜ್ಜಯಿನಿಯ ತೋಟದವಳ ಮಗ ತೋಟ ರಾಮುಡು, ಅಂದರೆ ಎನ್.ಟಿ. ರಾಮರಾವ್. ರಾಜಕುಮಾರಿ ಇಂದುಮತಿಗೂ ಇವನಿಗೂ ಪ್ರೀತಿ. ರಾಜ, ‘ನನ್ನಷ್ಟು ಐಶ್ವರ್ಯ ಸಂಪಾದಿಸಿಕೊಂಡು ಬಾ, ಮಗಳನ್ನು ಕೊಡುತ್ತೇನೆ’ ಅನ್ನುತ್ತಾನೆ. ಆಗ ನೇಪಾಳದ ಮಾಂತ್ರಿಕ ಎಸ್.ವಿ. ರಂಗರಾವ್ ಬಂದು ಇವನನ್ನು ಪುಸಲಾಯಿಸಿ ಪಾತಾಳ ಭೈರವಿಯ ಗುಹೆಗೆ ಕರೆದುಕೊಂಡು ಹೋಗುತ್ತಾನೆ. ಅವನ ಲೆಕ್ಕವೇ ಬೇರೆ. ಈ ಹುಡುಗನನ್ನು ಬಲಿ ಕೊಟ್ಟು ದೇವಿಯನ್ನು ಒಲಿಸಿಕೊಳ್ಳಬೇಕು. ಗುಟ್ಟು ತಿಳಿದ ರಾಮುಡು ಮಾಂತ್ರಿಕನನ್ನೇ ಬಲಿ ಕೊಡುತ್ತಾನೆ. ದೇವಿ ಒಂದು ಬೊಂಬೆ ಕೊಡುತ್ತಾಳೆ. ಕೇಳಿದ್ದೆಲ್ಲ ಕೊಡುವ ಬೊಂಬೆ.

ಮಗಳು ಇಲ್ಲಿ ಕೇಳಿದಳು: ‘ಅಮ್ಮಾ, ಅವನಿಗೆ ಬೇಕಾಗಿದ್ದು ರಾಜಕುಮಾರಿ ತಾನೇ? ಬಂಗಲೆ ಯಾಕೆ ಕೇಳಿದ? ನೇರವಾಗಿ ಅವಳನ್ನೇ ಕೇಳಬಹುದಿತ್ತಲ್ಲ?’

ಅತ್ತೆ, ‘ಸುಮ್ನೆ ನೋಡೇ’ ಅಂದರು. ನನಗೂ ಉತ್ತರ ಹೊಳೆಯಲಿಲ್ಲ. ಇಲ್ಲಿ ಹಳೇ ಸಿನಿಮಾ ಹುಚ್ಚಿನವರು ಜಾಸ್ತಿ ಇದ್ದೀರಲ್ಲ, ಹೇಳಿ.

ಗಡಿನಾಡಿಗ

ಅಕ್ಕಾ, ಕೇಳಿದ್ದರೆ ಚಿತ್ರ ಇಂಟರ್ವಲ್‌ಗೇ ಮುಗಿದು ಹೋಗುತ್ತಿತ್ತು. ಟಿಕೆಟ್ ದುಡ್ಡು ವಾಪಸ್ ಕೇಳುತ್ತಿದ್ದರು.

ನಮ್ಮದು ಪಾವಗಡ ಕಡೆ. ನಮ್ಮ ಊರಲ್ಲಿ ಯಾವ ಹುಡುಗನಾದರೂ ಮರ ಹತ್ತಲು ಹೆದರಿದರೆ ದೊಡ್ಡವರು ಕೆಳಗೆ ನಿಂತು ಹೇಳುವುದು ಒಂದೇ ಮಾತು: ‘ಸಾಹಸಂ ಸೇಯರಾ ಡಿಂಭಕಾ!’ ಸಾಹಸ ಮಾಡೋ ಅಂತ. ಅದು ರಂಗರಾವ್ ಡೈಲಾಗು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಡಿಂಭಕ ಅಂದರೆ ಬೈಗುಳ ಅಂದುಕೊಂಡಿದ್ದೆ.

ಕಪ್ಪುಬಿಳುಪು

ಡಿಂಭ ಅಂದರೆ ಮಗು. ಅಷ್ಟೇ. ಆದರೆ ರಂಗರಾವ್ ಬಾಯಲ್ಲಿ ಬಂದಾಗ ಬಲಿ ಕೊಡುವ ಮೊದಲು ಮೇಕೆಯ ಬೆನ್ನು ಸವರಿದ ಹಾಗೆ ಕೇಳಿಸುತ್ತದೆ. ಮಾತು ಬರೆದವರು ಪಿಂಗಳಿ ನಾಗೇಂದ್ರರಾವ್. ಹಾಡೂ ಅವರದ್ದೇ. ಆ ಮಾಂತ್ರಿಕನಿಗೆ ಅವರು ಹೊಸ ಥರದ ಮಾತನ್ನೇ ಕಟ್ಟಿಕೊಟ್ಟರು. ಗ್ರಂಥದ ಪದ, ಬೀದಿಯ ಪದ ಎರಡನ್ನೂ ಒಂದೇ ಬಾಣಲೆಗೆ ಹಾಕಿ ಹುರಿದರು.

‘ಎಂತ ಘಾಟು ಪ್ರೇಮಯೋ’ ಅಂತ ಒಂದು ಹಾಡಿದೆ. ಘಾಟು! ನಮಗೆ ಘಾಟು ಅಂದರೆ ಒಣಮೆಣಸಿನಕಾಯಿ ಒಗ್ಗರಣೆ, ಮನೆ ಮಂದಿಯೆಲ್ಲ ಕೆಮ್ಮುವುದು. ಅದನ್ನು ಪ್ರೀತಿಗೆ ಅಂಟಿಸಿದರು ನೋಡಿ. ಬೆಳದಿಂಗಳಲ್ಲಿ ಮೆಲ್ಲಗೆ ಹಾಡುವ ಪ್ರೇಮಗೀತೆ ಅದು.

ಮಲ್ಲಿಗೆ ಅವರೇ, ನಿಮ್ಮ ಮಗಳ ಪ್ರಶ್ನೆಗೆ ನನ್ನ ಉತ್ತರ: ರಾಜನಿಗೆ ಕೊಟ್ಟ ಮಾತು ಐಶ್ವರ್ಯದ್ದು. ಹುಡುಗಿ ಒಪ್ಪಿ ಆಗಿದೆ. ಒಪ್ಪದವನು ಅಪ್ಪ. ಹಾಗಾಗಿ ಅಪ್ಪನಿಗೆ ಬೇಕಾಗಿದ್ದನ್ನು ಕೇಳಿದ. ಈಗಿನ ಕಾಲದಲ್ಲಿ ಬೆಂಗಳೂರಲ್ಲಿ ಸೈಟು ತಗೊಂಡು ಬಂದ ಹಾಗೆ.

ತಕರಾರು ತಿಮ್ಮ

ಅಲ್ಲೇ ಇರುವುದು ನನ್ನ ತಕರಾರು. ಎಲ್ಲರೂ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದೀರಿ. ತೋಟದವಳ ಮಗ ತನ್ನ ಬುದ್ಧಿಯಿಂದ ಗೆಲ್ಲುತ್ತಾನೆ ಅನ್ನುತ್ತೀರಿ, ಗೆದ್ದಿದ್ದು ದೇವಿ ಕೊಟ್ಟ ಬಂಗಲೆಯಿಂದ. ರಾಜಕುಮಾರಿ ಇಡೀ ಚಿತ್ರದಲ್ಲಿ ಒಂದು ಬಹುಮಾನ. ಇವನು ಗೆಲ್ಲಬೇಕು, ಮಾಂತ್ರಿಕ ಕದಿಯಬೇಕು, ಮತ್ತೆ ಇವನು ತರಬೇಕು. ಕಥೆಯಾದರೂ ಸ್ವಂತದ್ದೇ? ಅಲ್ಲಾದೀನನ ದೀಪವನ್ನು ತೆಗೆದು ಬೊಂಬೆ ಇಟ್ಟರು. ಅಲ್ಲೂ ಮಾಂತ್ರಿಕ ಹುಡುಗನನ್ನು ಗುಹೆಗೆ ಕರೆದುಕೊಂಡು ಹೋಗುತ್ತಾನೆ, ಇಲ್ಲೂ ಹೋಗುತ್ತಾನೆ. ಅಲ್ಲೂ ಅರಮನೆ ಸಮೇತ ಹುಡುಗಿ ಮಾಯ, ಇಲ್ಲೂ ಮಾಯ.

ಕಪ್ಪುಬಿಳುಪು

ತಿಮ್ಮಣ್ಣ, ಅಲ್ಲಾದೀನನ ನೆರಳು ಇದೆ, ಇಲ್ಲ ಅಂದವರು ಯಾರು? ಜೊತೆಗೆ ‘ಕಾಶೀ ಮಜಿಲೀ ಕಥಲು’ ಇದೆ. ಮಧಿರ ಸುಬ್ಬನ್ನ ದೀಕ್ಷಿತರು ಬರೆದದ್ದು. ಕಾಶಿಗೆ ನಡೆದು ಹೋಗುವವರು ದಾರಿಯಲ್ಲಿ ತಂಗಿದ ಕಡೆಯಲ್ಲೆಲ್ಲ ಒಂದೊಂದು ಕಥೆ ಹೇಳಿಕೊಳ್ಳುತ್ತಾರೆ. ಬೆಳಗಾದರೆ ಮತ್ತೆ ನಡಿಗೆ, ರಾತ್ರಿಯಾದರೆ ಮತ್ತೆ ಕಥೆ. ಪಾತಾಳ ಭೈರವಿಯ ನಡೆಯೂ ಹಾಗೇ ಇದೆ. ಒಂದು ಗಂಡಾಂತರ ಮುಗಿಯಿತು ಅನ್ನುವಾಗ ಇನ್ನೊಂದು ಮಜಲು.

ಅಲ್ಲಾದೀನನ ಕಥೆಯಲ್ಲಿಲ್ಲದ ಒಂದು ವಿಷಯ ಇಲ್ಲಿದೆ. ಬಲಿಯಾದ ಮಾಂತ್ರಿಕ ಅಲ್ಲಿಗೇ ಮುಗಿಯುವುದಿಲ್ಲ. ಅವನ ಶಿಷ್ಯ ಸದಾಜಪ ಬಂದು ಸಂಜೀವಿನಿ ಮೂಲಿಕೆಯಿಂದ ಎಬ್ಬಿಸುತ್ತಾನೆ. ಸದಾಜಪನಾಗಿ ಪದ್ಮನಾಭಂ. ಸತ್ತು ಎದ್ದ ಮಾಂತ್ರಿಕ ರಾಣಿಯ ತಮ್ಮ ಸೂರಸೇನನನ್ನು ಹಿಡಿಯುತ್ತಾನೆ. ರೇಲಂಗಿ ಆ ಪಾತ್ರ. ಹುಡುಗಿ ಕೈತಪ್ಪಿ ಹೋದಳು ಅಂತ ಅಳುತ್ತಿರುವ ದಡ್ಡ. ಅವನ ಕೈಯಲ್ಲೇ ಬೊಂಬೆ ಕದಿಸುತ್ತಾನೆ. ಖಳನೊಬ್ಬ ಇಷ್ಟು ಕಷ್ಟಪಟ್ಟು ದುಡಿದ ಇನ್ನೊಂದು ಚಿತ್ರ ತೋರಿಸಿ ನೋಡೋಣ!

ಬಳ್ಳಾರಿ ಬಿಸಿಲು

ಖಳ ಅನ್ನಬ್ಯಾಡ್ರಿ. ಚಿತ್ರದ ಹೀರೋನೇ ಅವನು. ರಂಗರಾವ್ ತೆರೆಯ ಮೇಲೆ ಇಲ್ಲದಾಗ ನಾನು ಬೀಡಿ ಸೇದಲು ಹೊರಗೆ ಹೋಗುತ್ತಿದ್ದೆ.

ಒಂದು ಲೆಕ್ಕ ಹೇಳುತ್ತೇನೆ. ರಂಗರಾವ್ ಹುಟ್ಟಿದ್ದು 1918ರ ಜುಲೈ. ಚಿತ್ರ ಬಂದಿದ್ದು 1951ರ ಮಾರ್ಚ್. ಅಂದರೆ ಆ ಮುದಿ ಮಾಂತ್ರಿಕನಿಗೆ ಆಗ 32 ವರ್ಷ! ರಾಮರಾವ್‌ಗೆ 27. ಬರೀ ಐದು ವರ್ಷದ ಅಂತರ ರೀ. ಒಬ್ಬ ಹುಡುಗ, ಒಬ್ಬ ಮುದುಕ. ಗಡ್ಡ ಅಂಟಿಸಿದರೆ ಮುದುಕ ಆಗುವುದಿಲ್ಲ. ಆ ನಡಿಗೆ ನೋಡಿ, ಕುತ್ತಿಗೆ ಮುಂದೆ ಚಾಚುವುದು ನೋಡಿ, ಮಾತಿನ ನಡುವೆ ಕಣ್ಣು ಸಣ್ಣ ಮಾಡುವುದು ನೋಡಿ. ಷೇಕ್ಸ್‌ಪಿಯರ್ ನಾಟಕದಲ್ಲಿ ಬಡ್ಡಿ ವ್ಯಾಪಾರಿ ಶೈಲಾಕ್ ಪಾತ್ರ ಮಾಡಿದ್ದ ಮನುಷ್ಯ. ಅದರ ವಾಸನೆ ಇಲ್ಲಿ ಚೆನ್ನಾಗಿ ಬರುತ್ತದೆ.

ಒಂಟಿ ಬೆಂಚು

32 ವರ್ಷವಾ? ನನಗೆ ಈಗ 34. ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಆಪರೇಟರ್ ತಾತ

ಮೊಮ್ಮಗ ಈ ಚರ್ಚೆ ಓದಿ ಹೇಳಿದ. ನಾನು ಹೇಳಿದ್ದನ್ನು ಅವನೇ ಟೈಪ್ ಮಾಡುತ್ತಿದ್ದಾನೆ, ತಪ್ಪಿದ್ದರೆ ಅವನದು.

ನಾನು ಚಿಂತಾಮಣಿ, ಶ್ರೀನಿವಾಸಪುರ ಸುತ್ತಮುತ್ತ ಟೆಂಟ್ ಸಿನಿಮಾಗಳಲ್ಲಿ ಪ್ರೊಜೆಕ್ಟರ್ ಓಡಿಸಿದವನು. ಈ ಚಿತ್ರ ಹೊಸದಾಗಿ ಬಂದಾಗ ನಾನು ಚಿಕ್ಕವನು. ಆದರೆ ಆ ಕಾಲದಲ್ಲಿ ಒಂದು ಪ್ರಿಂಟು ಸವೆದು ಮಳೆ ಸುರಿದ ಹಾಗೆ ಗೀರು ಬೀಳುವವರೆಗೂ ಊರೂರು ಸುತ್ತುತ್ತಿತ್ತು. ವರ್ಷಗಟ್ಟಲೆ ಆದ ಮೇಲೂ ಜಾತ್ರೆ ಹೊತ್ತಿಗೆ ಪಾತಾಳ ಭೈರವಿ ಡಬ್ಬಿ ಬರುತ್ತಿತ್ತು. ಅದನ್ನು ಎಷ್ಟು ಸಲ ಓಡಿಸಿದ್ದೇನೋ ಲೆಕ್ಕ ಇಟ್ಟಿಲ್ಲ.

ಸಂಜೆ ಮೈಕಿನಲ್ಲಿ ಮೊದಲು ‘ನಮೋ ವೆಂಕಟೇಶ’ ಹಾಕುತ್ತಿದ್ದೆವು. ಅದು ಕೇಳಿದರೆ ಸುತ್ತಲ ಹಳ್ಳಿಯವರಿಗೆ ಗೊತ್ತು, ಆಟ ಶುರುವಾಗುತ್ತೆ, ಬೇಗ ಹೆಜ್ಜೆ ಹಾಕಬೇಕು ಅಂತ. ಹಾಡಿದವರು ಘಂಟಸಾಲ. ಪಾತಾಳ ಭೈರವಿಗೆ ಸಂಗೀತ ಕೊಟ್ಟವರೂ ಅವರೇ. ಅಂದರೆ ಟೆಂಟಿಗೆ ಕರೆದ ಗಂಟಲೇ ಒಳಗೂ ಹಾಡುತ್ತಿತ್ತು.

ನಮ್ಮ ಹತ್ತಿರ ಇದ್ದಿದ್ದು ಒಂದೇ ಪ್ರೊಜೆಕ್ಟರ್. 1000 ಅಡಿ ಫಿಲ್ಮು ಸುಮಾರು 11 ನಿಮಿಷ ಓಡುತ್ತದೆ. ಈ ಚಿತ್ರಕ್ಕೆ ಆ ಲೆಕ್ಕದಲ್ಲಿ ಹತ್ತಿರ ಹತ್ತಿರ 18 ರೀಲು ಬೇಕು. ಸುರುಳಿ ಮುಗಿದರೆ ದೀಪ ಹಾಕಿ ಬೇರೆ ಏರಿಸಬೇಕು. ಸರಿಯಾಗಿ ಬಲಿಯ ಹೊತ್ತಿಗೆ ಸುರುಳಿ ಮುಗಿದರೆ ನೆಲದ ಕ್ಲಾಸಿನವರು ನನ್ನನ್ನೇ ಬಲಿ ಕೊಡುವ ಹಾಗೆ ಕೂಗುತ್ತಿದ್ದರು.

ಮಾಯದ ದೃಶ್ಯ ಹೇಗೆ ತೆಗೆದರು ಅಂತ ಎಲ್ಲರೂ ಕೇಳುತ್ತಿದ್ದರು. ನನಗೆ ಯಾರೂ ಹೇಳಿಕೊಡಲಿಲ್ಲ, ಫಿಲ್ಮು ನೋಡಿ ಕಲಿತೆ. ಒಂದು ಅಡಿ ಫಿಲ್ಮಿನಲ್ಲಿ 16 ಚಿತ್ರ. ಬೆಳಕಿಗೆ ಹಿಡಿದು ಒಂದೊಂದೇ ನೋಡಬೇಕು. ಈ ಚೌಕದಲ್ಲಿ ಮನುಷ್ಯ ಇದ್ದಾನೆ, ಮುಂದಿನ ಚೌಕದಲ್ಲಿ ಇಲ್ಲ. ಅಷ್ಟೇ! ಕ್ಯಾಮೆರಾವನ್ನು ಅಲುಗದ ಹಾಗೆ ಬಿಗಿದು ನಿಲ್ಲಿಸಿ, ಆ ನಟ ಪಕ್ಕಕ್ಕೆ ಹೋದ ಮೇಲೆ ಮತ್ತೆ ತೆಗೆಯುತ್ತಾರೆ. ಉಳಿದವರು ಅಲ್ಲಿಯವರೆಗೂ ಕೈ ಎತ್ತಿದ್ದರೆ ಎತ್ತಿದ ಹಾಗೇ ನಿಂತಿರಬೇಕು. ಯಾರಾದರೂ ಒಬ್ಬರು ಕೈ ಇಳಿಸಿದರೆ ತೆರೆಯ ಮೇಲೆ ಜಿಗಿದ ಹಾಗೆ ಕಾಣುತ್ತದೆ. ಬೇರೆ ಎಷ್ಟೋ ಚಿತ್ರಗಳಲ್ಲಿ ಆ ಜಿಗಿತ ನೋಡಿ ನಕ್ಕಿದ್ದೇನೆ. ಇದರಲ್ಲಿ ಹುಡುಕಿ ಹುಡುಕಿ ಸೋತೆ. ಕ್ಯಾಮೆರಾ ಮಾರ್ಕಸ್ ಬಾರ್ಟ್ಲಿ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬಿಡುವುದು ಇನ್ನೊಂದು ದಾರಿ. ಲೆನ್ಸಿನ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ ತೆಗೆಯುವುದು, ಫಿಲ್ಮು ಹಿಂದಕ್ಕೆ ಸುತ್ತಿ, ರಟ್ಟು ಆ ಕಡೆಗೆ ಇಟ್ಟು ಮತ್ತೆ ತೆಗೆಯುವುದು. ಒಂದು ಕೂದಲೆಳೆ ತಪ್ಪಿದರೆ ಎಲ್ಲ ಹಾಳು, ಮತ್ತೆ ಮೊದಲಿಂದ. ಆ ಕಾಲದಲ್ಲಿ ಇದನ್ನೆಲ್ಲ ಕಂಪ್ಯೂಟರ್ ಇಲ್ಲದೆ ಮಾಡುತ್ತಿದ್ದರು.

ತುಂಡಾದ ಫಿಲ್ಮು ಹುಡುಗರಿಗೆ ಕೊಡುತ್ತಿದ್ದೆ. ಅವರು ಸುಟ್ಟುಹೋದ ಬಲ್ಬಿಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಕತ್ತಲೆ ಕೋಣೆಯ ಗೋಡೆ ಮೇಲೆ ರಾಮರಾವ್‌ನನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದರು.

ಮಾಲೂರು ಮಲ್ಲಿಗೆ

ತಾತ, ನಿಮ್ಮದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಬಲ್ಬಿನ ವಿಷಯ ಬಂದಾಗ ‘ಮಾ ಅಣ್ಣಯ್ಯ ಕೂಡಾ ಅಟ್ಲೇ ಚೇಸೇವಾಡು’ ಅಂದರು. ನಮ್ಮಣ್ಣನೂ ಹಾಗೇ ಮಾಡುತ್ತಿದ್ದ ಅಂತ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಉಡುಪಿ ಕಾಫಿ

ಟೆಂಟ್ ಅಂದಾಗ ನಮ್ಮೂರ ಕಡೆಯವರ ಹೆಸರು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬಿ. ವಿಠಲಾಚಾರ್ಯ. ಹುಟ್ಟಿದ್ದು ಉಡುಪಿ ಹತ್ತಿರದ ಉದ್ಯಾವರ. ಅರಸೀಕೆರೆಗೆ ಹೋಗಿ ಹೋಟೆಲ್ ನಡೆಸಿದರು. ಆಮೇಲೆ ಟೂರಿಂಗ್ ಟಾಕೀಸ್. ಆಮೇಲೆ ಡಿ. ಶಂಕರ್‌ಸಿಂಗ್ ಜೊತೆ ಮಹಾತ್ಮ ಪಿಕ್ಚರ್ಸ್. ಆ ಸಂಸ್ಥೆಯ ಕನ್ನಡ ‘ಜಗನ್ಮೋಹಿನಿ’ ಬಂದಿದ್ದೂ 1951ರಲ್ಲೇ. ಅಂದರೆ ಅಲ್ಲಿ ಪಾತಾಳ ಭೈರವಿ, ಇಲ್ಲಿ ಜಗನ್ಮೋಹಿನಿ, ಎರಡೂ ಒಂದೇ ವರ್ಷ. ಆಮೇಲೆ ಆಚಾರ್ಯರು ತೆಲುಗಿಗೆ ಹೋಗಿ ದೆವ್ವ, ಕತ್ತಿ, ಮಂತ್ರದ ಚಿತ್ರಗಳನ್ನು ಸಾಲುಸಾಲಾಗಿ ಮಾಡಿ ‘ಜಾನಪದ ಬ್ರಹ್ಮ’ ಅನ್ನಿಸಿಕೊಂಡರು.

ಇನ್ನೊಂದು ಮಾತು. ತೆಲುಗಿನವರು ‘ಜಾನಪದ ಚಿತ್ರ’ ಅಂದರೆ ನಮ್ಮ ಕಂಸಾಳೆ, ಲಾವಣಿ ಅಂದುಕೊಳ್ಳಬೇಡಿ. ರಾಜ, ಮಾಂತ್ರಿಕ, ಕತ್ತಿವರಸೆ ಇರುವ ಕಲ್ಪನೆಯ ಕಥೆಗೆ ಅವರು ಜಾನಪದ ಅನ್ನುತ್ತಾರೆ. ಪುರಾಣದ ಕಥೆಯಾದರೆ ಪೌರಾಣಿಕ. ಈ ವ್ಯತ್ಯಾಸ ಗೊತ್ತಿಲ್ಲದೆ ಒಂದು ಸಲ ನಾನು ದೊಡ್ಡ ಜಗಳ ಮಾಡಿದ್ದೆ.

ತಕರಾರು ತಿಮ್ಮ

ವಿಠಲಾಚಾರ್ಯರ ದೆವ್ವಗಳಾದರೂ ಖುಷಿಯಾಗಿದ್ದವು. ಹಾಡಿ ಕುಣಿಯುತ್ತಿದ್ದವು. ಇದರಲ್ಲಿ ದೆವ್ವಗಳು ಪಾದುಕೆಗೆ ಜಗಳ ಆಡುತ್ತವೆ.

ಒಂಟಿ ಬೆಂಚು

ಪಾದುಕೆ ಮತ್ತು ಕಂಬಳಿ ಎರಡಕ್ಕೂ. ಮಾಯವಾಗುವ ಹೊದಿಕೆ, ಹಾರಿಸಿಕೊಂಡು ಹೋಗುವ ಪಾದುಕೆ. ಆಸ್ತಿ ಜಗಳ ದೆವ್ವಗಳನ್ನೂ ಬಿಟ್ಟಿಲ್ಲ. ರಾಮುಡು ಅಲ್ಲೇ ಪಂಚಾಯ್ತಿ ಮಾಡುವ ನೆಪದಲ್ಲಿ ಎರಡನ್ನೂ ಹೊಡೆಯುತ್ತಾನೆ. ನಮ್ಮ ಊರಿನ ಎಷ್ಟೋ ಪಂಚಾಯ್ತಿ ಹೀಗೇ ಮುಗಿದಿದೆ.

ಕಪ್ಪುಬಿಳುಪು

ಉಡುಪಿ ಕಾಫಿ ಶುರು ಮಾಡಿದ ಎಳೆಯನ್ನೇ ಹಿಡಿದರೆ ಇನ್ನೂ ಇದೆ. ನಿರ್ದೇಶಕ ಕೆ.ವಿ. ರೆಡ್ಡಿ ಅನಂತಪುರ ಜಿಲ್ಲೆಯ ತಾಡಿಪತ್ರಿಯವರು. ಬಳ್ಳಾರಿ ಬಿಸಿಲು ಅವರಿಗೆ ನೆರೆಯವರೇ. ನಿರ್ಮಾಪಕರು ನಾಗಿರೆಡ್ಡಿ, ಚಕ್ರಪಾಣಿ. ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ‘ಚಂದಮಾಮ’ ನಡೆಸಿದವರು. ಛಲ ಬಿಡದ ತ್ರಿವಿಕ್ರಮ ಹೆಣ ಹೊತ್ತು ನಡೆದದ್ದು ಅವರ ಪತ್ರಿಕೆಯಲ್ಲಿ. ನಾವು ಚಿಕ್ಕವರಿದ್ದಾಗ ಎದುರು ನೋಡುತ್ತಿದ್ದ ಆ ಬಣ್ಣದ ಮುಖಪುಟಗಳಲ್ಲಿ ಎಷ್ಟನ್ನೋ ಬರೆದವರು ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ. ಪಾತಾಳ ಭೈರವಿ ನೋಡುವಾಗ ಚಂದಮಾಮದ ಪುಟ ತಿರುಗಿಸಿದ ಹಾಗೆ ಅನ್ನಿಸುವುದು ಸುಮ್ಮನೆ ಅಲ್ಲ.

ಇವರಿಬ್ಬರ ವಿಜಯಾ ಸಂಸ್ಥೆಯ ಮೊದಲ ಚಿತ್ರ ‘ಶಾವುಕಾರು’, 1950. ಒಳ್ಳೆಯ ಹೆಸರು ಬಂತು, ದುಡ್ಡು ಬರಲಿಲ್ಲ. ಎರಡನೆಯದು ಇದು. ತೆಲುಗು, ತಮಿಳು ಎರಡರಲ್ಲೂ ತೆಗೆದರು. 200 ದಿನ ಓಡಿದ ಮೊದಲ ತೆಲುಗು ಚಿತ್ರ. 1952ರಲ್ಲಿ ಹಿಂದಿಗೂ ಹೋಯಿತು. ಅದೇ ವರ್ಷ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ದಕ್ಷಿಣದಿಂದ ಇದ್ದಿದ್ದು ಇದೊಂದೇ.

ಆರು ವರ್ಷದ ಮೇಲೆ ಇದೇ ತಂಡ ‘ಮಾಯಾಬಜಾರ್’ ಮಾಡಿತು. ಅದು ಕನ್ನಡಕ್ಕೆ ಡಬ್ ಆಗಿ, ‘ವಿವಾಹ ಭೋಜನವಿದು’ ನಮ್ಮ ಮದುವೆ ಮನೆಗಳಲ್ಲಿ ಎಷ್ಟು ಬೆರೆತಿದೆ ಅಂದರೆ ಅದು ತೆಲುಗಿನಿಂದ ಬಂತು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಗಡಿನಾಡಿಗ

ತೆಲುಗಿನಲ್ಲಿ ಅದನ್ನು ಹಾಡಿದ್ದು ಘಂಟಸಾಲ ಅಲ್ವಾ?

ಕಪ್ಪುಬಿಳುಪು

ಅಲ್ಲ, ಮಾಧವಪೆದ್ದಿ ಸತ್ಯಂ. ಘಂಟಸಾಲ ಬೇಕಿದ್ದರೆ ಕನ್ನಡದ ‘ಸತ್ಯ ಹರಿಶ್ಚಂದ್ರ’ಕ್ಕೆ ಬನ್ನಿ. ‘ಕುಲದಲ್ಲಿ ಕೀಳ್ಯಾವುದೋ’ ಅವರ ದನಿ. 1965ರ ಚಿತ್ರ, ರಾಜ್‌ಕುಮಾರ್, ನಿರ್ದೇಶನ ಹುಣಸೂರು ಕೃಷ್ಣಮೂರ್ತಿ. ಅದರ ನಿರ್ಮಾಪಕ ಯಾರು ಹೇಳಿ? ಇದೇ ಕೆ.ವಿ. ರೆಡ್ಡಿ.

ಇನ್ನು ಮಾಯಾಬಜಾರ್‌ಗೆ ರೆಡ್ಡಿಯವರ ಬಳಿ ಸಹಾಯಕರಾಗಿದ್ದವರು ಸಿಂಗೀತಂ ಶ್ರೀನಿವಾಸರಾವ್. ‘ಹಾಲು ಜೇನು’, ‘ಚಲಿಸುವ ಮೋಡಗಳು’ ಅವರದ್ದೇ ತಾನೇ. ಅವರೇ 1994ರಲ್ಲಿ ತೆಲುಗಿನಲ್ಲಿ ‘ಭೈರವ ದ್ವೀಪಂ’ ಮಾಡಿದರು. ರಾಮರಾವ್ ಮಗ ಬಾಲಕೃಷ್ಣ ಹೀರೋ. ಗುರುಗಳ ಮಾಂತ್ರಿಕನನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ ಹಾಗೆ.

ಬಳ್ಳಾರಿ ಬಿಸಿಲು

ಎಲ್ಲ ಸರಿ. ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಎಲ್ಲಿ ಹೋಯ್ತು?

ನನ್ನ ತಲೆಗೆ ರಾತ್ರಿ ಹೊಳೀತು. ಬೊಂಬೆ ಹಿಡಿದು ರಾಜಕುಮಾರಿಯನ್ನು ತರಿಸಿಕೊಂಡವನು ಒಬ್ಬ ಇದ್ದಾನಲ್ಲ! ಮಾಂತ್ರಿಕ. ಬೊಂಬೆ ಅವನ ಕೈಗೆ ಹೋದ ಕೂಡಲೇ ಬಂಗಲೆ, ಹುಡುಗಿ ಎಲ್ಲ ಅವನ ಜಾಗಕ್ಕೆ ಬಂತು. ಆಮೇಲೆ ಏನಾಯಿತು? ಅವಳು ಒಪ್ಪಲಿಲ್ಲ. ದೇವಿ ಕೈಯಲ್ಲಿದ್ದಾಳೆ, ಹುಡುಗಿ ಎದುರಿಗಿದ್ದಾಳೆ, ಇವನು ಅವಳ ಮುಂದೆ ಗೋಗರೆಯುತ್ತಾ ನಿಂತಿದ್ದಾನೆ. ಬೊಂಬೆ ಬಂಗಲೆ ಕೊಡುತ್ತೆ, ಮನಸ್ಸು ಕೊಡಲ್ಲ.

ತಕರಾರು ತಿಮ್ಮ

ಹಾಂ. ಇದು ಮಾತು. ಹಾಗೆ ನೋಡಿದರೆ ಬಹುಮಾನ ಅಂತ ನಾನು ಬೈದ ಹುಡುಗಿ ‘ಇಲ್ಲ’ ಅಂದಿದ್ದಕ್ಕೇ ಮಾಂತ್ರಿಕ ಸಿಕ್ಕಿಬಿದ್ದ. ಒಪ್ಪಿದೆ. ಪೂರ್ತಿ ಅಲ್ಲ, ಮುಕ್ಕಾಲು.

ಆಪರೇಟರ್ ತಾತ

ಮುಂದಿನದ್ದನ್ನು ನಾನು ಹೇಳುತ್ತೇನೆ, ನೆಲದ ಕ್ಲಾಸಿನವರು ಎದ್ದು ನಿಲ್ಲುತ್ತಿದ್ದ ಜಾಗ ಅದು. ಮಾಂತ್ರಿಕನ ಶಕ್ತಿ ಇರುವುದು ಗಡ್ಡದಲ್ಲಿ. ರಾಮುಡುವಿನ ಗೆಳೆಯ ಅಂಜಿ, ಶಿಷ್ಯ ಸದಾಜಪನ ವೇಷದಲ್ಲಿ ಬಂದು ಕಿವಿ ಊದುತ್ತಾನೆ: ಈ ಗಡ್ಡ ಇದ್ದರೆ ಯಾವ ಹುಡುಗಿ ಒಪ್ಪುತ್ತಾಳೆ ಗುರುವೇ ಅಂತ. ಸಾವನ್ನೇ ಗೆದ್ದು ಬಂದ ಮನುಷ್ಯ, ಚೆಂದ ಕಾಣಬೇಕು ಅಂತ ಗಡ್ಡ ಬೋಳಿಸಿಕೊಳ್ಳುತ್ತಾನೆ! ಕತ್ತಿ ತಾಗುವ ಹೊತ್ತಿಗೆ ಟೆಂಟಿನಲ್ಲಿ ಹೆಂಗಸರ ಕಡೆಯಿಂದ ಮೊದಲು ನಗು ಬರುತ್ತಿತ್ತು. ಗಂಡಸರಿಗೆ ಅರ್ಥವಾಗಲು ಒಂದೆರಡು ಗಳಿಗೆ ಹಿಡಿಯುತ್ತಿತ್ತು. ಯಾವ ಊರಿನಲ್ಲಿ ಓಡಿಸಿದರೂ ಹಾಗೇ.

ಒಂಟಿ ಬೆಂಚು

ತಾತ, ಈ ಮಾತಿಗೆ ನಾಳೆ ಕಟಿಂಗ್ ಶಾಪಿಗೆ ಹೋಗುವುದನ್ನು ಮುಂದಕ್ಕೆ ಹಾಕಿದೆ.

ಮಾಲೂರು ಮಲ್ಲಿಗೆ

ಎಲ್ಲರಿಗೂ ಥ್ಯಾಂಕ್ಸ್. ಬಳ್ಳಾರಿಯವರ ಉತ್ತರವನ್ನು ಮಗಳಿಗೆ ಹೇಳಿದೆ. ಸ್ವಲ್ಪ ಯೋಚನೆ ಮಾಡಿ, ‘ಹಾಗಾದ್ರೆ ಅವನು ಮೊದಲೇ ಅವಳ ಹತ್ತಿರ ಕೇಳಿ, ಆಮೇಲೆ ಬೊಂಬೆ ಹತ್ತಿರ ಕೇಳಬೇಕಿತ್ತು’ ಅಂದಳು. ಆಮೇಲೆ ಅಜ್ಜಿ ಕಡೆ ತಿರುಗಿ, ‘ನಿಮ್ಮನ್ನ ತಾತ ಕೇಳಿದ್ರಾ?’ ಅಂದಳು. ಅತ್ತೆ ಎದ್ದು ಬಟ್ಟೆ ತೆಗೆಯಲು ಹೋದರು. ಹೊರಗೆ ಮಳೆ, ಹಗ್ಗದ ಮೇಲೆ ಒಂದು ಬಟ್ಟೆಯೂ ಇರಲಿಲ್ಲ.

ಈಗ ಮನೆಯಲ್ಲಿ ಮಾಯಾಬಜಾರ್ ಓಡುತ್ತಿದೆ. ಹೊಸ ಪ್ರಶ್ನೆ ಬಂದಿದೆ. ಇದು ಆಪರೇಟರ್ ತಾತನಿಗೆ ಅಂತ ಹೇಳಿ ಬರೆಸಿದ್ದಾಳೆ: ಘಟೋತ್ಕಚನ ಬಾಯಿಗೆ ಲಾಡು ತಾನಾಗಿಯೇ ಹಾರಿ ಹೋಗಿದ್ದು ಹೇಗೆ?

ಆಪರೇಟರ್ ತಾತ

ಉತ್ತರ ಹೇಳುವುದಿಲ್ಲ ಪುಟ್ಟಿ, ನೀನೇ ಕಂಡುಹಿಡಿ. ಬಾಯಲ್ಲಿ ಒಂದು ಲಾಡು ಇಟ್ಟುಕೊಂಡು ತಟ್ಟೆಗೆ ಉಗಿ. ಅಮ್ಮನ ಮೊಬೈಲಿನಲ್ಲಿ ಅದನ್ನು ತೆಗೆದು ಹಿಂದುಮುಂದಾಗಿ ಓಡಿಸು. ಇಂಥದ್ದಕ್ಕೆ ಇರುವ ದಾರಿಗಳಲ್ಲಿ ಇದೂ ಒಂದು.

ಅಮ್ಮನಿಗೆ ಹೇಳು, ಲಾಡು ಚಿಕ್ಕದಾಗಿ ಕಟ್ಟಲಿ, ನಾಲ್ಕು ಜಾಸ್ತಿಯೇ ಕಟ್ಟಲಿ. ಒಂದೇ ಸಲಕ್ಕೆ ಸರಿಯಾಗಿ ಬರುವುದಿಲ್ಲ.